ಗಂಟೆ ನಿಲ್ಲುವ ಮೊದಲೇ ಬಿದ್ದ ಬೀಗ

ವರ್ನಾ ಕೋಲ್ಬೆಕ್ ನಮ್ಮ ರಾಜ್ಯದ ಶಾಸನಸಭೆಯ ಬಾಗಿಲು ಕಾಯುತ್ತಿದ್ದವಳು. ಇಪ್ಪತ್ತೆರಡು ವರ್ಷ ಅದೇ ಬಾಗಿಲು, ಅದೇ ಬೂದು ಕೋಟು, ಕುತ್ತಿಗೆಯಲ್ಲಿ ನೇತಾಡುವ ಅದೇ ಹಿತ್ತಾಳೆ ಕೀಲಿಕೈ. ನಾನು ಗ್ಲೆನ್ನಾ, ಅದೇ ಕಟ್ಟಡದ ನೆಲಮಾಳಿಗೆಯಲ್ಲಿ ಕಾಫಿ, ಸೂಪು, ಸ್ಯಾಂಡ್‌ವಿಚ್ ಮಾರುವವಳು. ಮೇಲೆ ನಡೆದದ್ದು ಪತ್ರಿಕೆಯವರಿಗೆ ಮರುದಿನ ತಿಳಿದರೆ ನನಗೆ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ, ಏಕೆಂದರೆ ಹಸಿದವರ ಬಾಯಿ ಸುಮ್ಮನಿರುವುದಿಲ್ಲ. ಆದರೆ ಈ ಒಂದು ವಿಷಯವನ್ನು ಹೊಟ್ಟೆಯಲ್ಲಿಟ್ಟುಕೊಂಡು ಬಹಳ ಕಾಲವಾಯಿತು. ಹೋದ ತಿಂಗಳು ವರ್ನಾ ಕೆಲಸ ಬಿಟ್ಟಳು. ಬಿಡುವ ದಿನ, “ಇನ್ ಹೇಳ್ಕೊಳ್ಳೇ, ನೀನಾದ್ರೂ ಹಗುರ ಆಗು” ಅಂದಳು. ಅದಕ್ಕೇ ಹೇಳುತ್ತಿದ್ದೇನೆ.

ನಮ್ಮ ಸಭೆಯಲ್ಲಿ ಇರುವುದು ಎರಡೇ ಪಕ್ಷ. ಒಂದು ಪಕ್ಷದವರು ಕಿಟಕಿ ಕಡೆ ಕೂರುತ್ತಾರೆ, ಇನ್ನೊಂದು ಪಕ್ಷದವರು ಗೋಡೆ ಕಡೆ. ಅವುಗಳ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ ಇಲ್ಲಿಗೇ ಓದು ನಿಲ್ಲಿಸುತ್ತೀರಿ, ಉಳಿದರ್ಧ ಜನ ಮೀಸೆ ತಿರುವುತ್ತೀರಿ. ಆ ವರ್ಷ ಕಿಟಕಿ ಕಡೆ ಐವತ್ತು, ಗೋಡೆ ಕಡೆ ಐವತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಸ್ಥಿತಿ. ಸಮಬಲವಾದರೆ ಮಸೂದೆ ಬಿದ್ದಂತೆಯೇ. ಜನವರಿಯಿಂದ ಏಪ್ರಿಲ್‌ವರೆಗೆ ಹಿಮ ಬಿತ್ತು, ಹಿಮ ಕರಗಿತು, ಒಂದು ಕಾಯ್ದೆಯೂ ಹೊರಬರಲಿಲ್ಲ. ಶಾಲಾ ಮಕ್ಕಳು ಕಳಿಸಿದ ‘ರಾಜ್ಯದ ಹಣ್ಣು’ ಯಾವುದಿರಬೇಕೆಂಬ ಅರ್ಜಿಯೂ ಐವತ್ತಕ್ಕೆ ಐವತ್ತಾಗಿ ಬಿದ್ದುಹೋಯಿತು. ನನ್ನ ಕ್ಯಾಂಟೀನಿನಲ್ಲಿ ಎರಡೂ ಕಡೆಯವರು ಒಂದೇ ಕೆಚಪ್ ಬಾಟಲಿ ಮುಟ್ಟಲು ಒಪ್ಪದೆ, ನಾನು ಎರಡು ಇಡಬೇಕಾಯಿತು.

ಇಷ್ಟೆಲ್ಲ ಕೆಟ್ಟರೂ ಹಳಬರ ಒಂದು ಪದ್ಧತಿ ಮಾತ್ರ ಉಳಿದಿತ್ತು. ಅದಕ್ಕೆ ಜೋಡಿ ಚೀಟಿ ಅನ್ನುತ್ತಿದ್ದರು. ಒಂದು ಕಡೆಯ ಸದಸ್ಯ ಕಾಯಿಲೆ ಬಿದ್ದರೆ, ಎದುರು ಕಡೆಯ ಒಬ್ಬ ಅವನ ಜೊತೆ ಜೋಡಿಯಾಗುತ್ತಾನೆ: ನೀನು ಬರುವವರೆಗೆ ನಾನೂ ಮತ ಹಾಕುವುದಿಲ್ಲ. ಕಾಯಿಲೆಯಿಂದ ಯಾವ ಪಕ್ಷಕ್ಕೂ ಲಾಭವಾಗಬಾರದು, ಅಷ್ಟೇ. ನಿಯಮ ಪುಸ್ತಕದಲ್ಲಿ ಇದರ ಸುದ್ದಿಯೇ ಇಲ್ಲ. ಇಬ್ಬರೂ ಒಂದು ಕಾರ್ಡಿನಲ್ಲಿ ಸಹಿ ಹಾಕಿ ವರ್ನಾಳ ಮೇಜಿನ ಡ್ರಾಯರಿನಲ್ಲಿ ಇಡುತ್ತಿದ್ದರು. ಮತದ ಗಂಟೆ ಎರಡು ನಿಮಿಷ ಹೊಡೆಯುತ್ತದೆ. ಅಷ್ಟರಲ್ಲಿ ಮತ ಹಾಕುವವರು ಒಳಗೆ ಬರಬೇಕು, ಜೋಡಿಯಾದವನು ಎದ್ದು ಹೊರಗೆ ಹೋಗಬೇಕು. ಗಂಟೆ ನಿಂತ ಕ್ಷಣ ವರ್ನಾ ಹೊರಗಿನಿಂದ ಬೀಗ ಹಾಕುತ್ತಾಳೆ. ಬೀಗ ಬಿದ್ದ ಮೇಲೆ ಒಳಗಿದ್ದವರು ಮತ ಹಾಕಲೇಬೇಕು. ಇದು ಮಾತ್ರ ಪುಸ್ತಕದಲ್ಲಿರುವ ನಿಯಮ.

ಆ ಏಪ್ರಿಲ್‌ನಲ್ಲಿ ಗೋಡೆ ಕಡೆಯ ವೆಂಡೆಲ್ ಪ್ರೊಕಾಪ್ ಎದೆಯ ಆಪರೇಷನ್ನಿಗೆ ಆಸ್ಪತ್ರೆ ಸೇರಿದರು. ಕಿಟಕಿ ಕಡೆಯ ಥರ್ಮನ್ ಓಡೆಗಾರ್ಡ್ ಅವರೊಂದಿಗೆ ಜೋಡಿಯಾದರು. ಓಡೆಗಾರ್ಡ್ ದನಗಳ ಡಾಕ್ಟರು, ಎಪ್ಪತ್ತೇಳು ವರ್ಷ, ಎರಡೂ ಮೊಣಕಾಲು ಹಾಳು. ಇಬ್ಬರೂ ಮೂವತ್ತು ವರ್ಷದಿಂದ ಸಭೆಯಲ್ಲಿ ಬೈದಾಡಿಕೊಂಡು, ಶನಿವಾರ ಹೆಪ್ಪುಗಟ್ಟಿದ ಕೆರೆಯ ಮೇಲೆ ಒಟ್ಟಿಗೆ ಕೂತು ಮೀನು ಹಿಡಿದವರು. ಕಾರ್ಡನ್ನು ಆಸ್ಪತ್ರೆಯ ಹಾಸಿಗೆಯ ಮೇಲೆಯೇ ಬರೆದದ್ದು. ‘ನಮ್ಮಿಬ್ಬರಲ್ಲಿ ಒಬ್ಬ ಒಳಗೆ ಬರಲಾರದಷ್ಟು ದಿನ ಇನ್ನೊಬ್ಬನೂ ಮತ ಹಾಕುವುದಿಲ್ಲ.’ ಕೆಳಗೆ ಎರಡು ಸಹಿ. ತಾರೀಖು ಹಾಕಲು ಇಬ್ಬರಿಗೂ ನೆನಪಾಗಲಿಲ್ಲ.

ಇನ್ನು ವರ್ನಾಳ ಭಯದ ಮಾತು. ಅವಳಿಗೆ ಇದ್ದದ್ದು ಒಬ್ಬ ತಮ್ಮ, ಲೈಲ್. ವಯಸ್ಸು ಐವತ್ತನಾಲ್ಕು, ಬುದ್ಧಿ ಆರು ವರ್ಷದ ಮಗುವಿನದು. ಊರ ಹೊರಗಿನ ಸರ್ಕಾರಿ ಆಶ್ರಯಮನೆಯಲ್ಲಿ ಮೂವತ್ತು ವರ್ಷದಿಂದ ಇದ್ದ. ಅಲ್ಲಿ ಅವನಿಗೊಂದು ಕೆಲಸ: ಊಟದ ಮೇಜಿನ ಮೇಲೆ ಮೂವತ್ತೊಂದು ಚಮಚ ಜೋಡಿಸುವುದು. ಹಿಂದೊಮ್ಮೆ ಗೋಡೆಗೆ ಬಣ್ಣ ಹಚ್ಚಬೇಕೆಂದು ಅವನನ್ನು ಎಂಟು ದಿನ ಬೇರೆ ಕಡೆ ಇಟ್ಟಿದ್ದರು. ಎಂಟು ದಿನವೂ ಅವನು ಬಾಯಿಗೆ ತುತ್ತು ಇಡಲಿಲ್ಲ. ಕೊನೆಗೆ ಮೂಗಿನಲ್ಲಿ ನಳಿಕೆ ಇಟ್ಟು ಉಳಿಸಿಕೊಂಡರು. ಈಗ ಆ ಮನೆಯನ್ನು ನಡೆಸುವ ಕಾಯ್ದೆಯ ಅವಧಿ ಜೂನ್ ಕೊನೆಗೆ ಮುಗಿಯುತ್ತಿತ್ತು. ಹೊಸ ಕಾಯ್ದೆ ಆಗದಿದ್ದರೆ ಜುಲೈ ಎಂಟರಂದು ಬಸ್ಸು ಬರುತ್ತದೆ, ಎಲ್ಲರನ್ನೂ ಬೇರೆ ಬೇರೆ ಊರಿಗೆ ಹಂಚುತ್ತದೆ ಎಂದು ವರ್ನಾಳಿಗೆ ಕಾಗದ ಬಂದಿತ್ತು. ಅದನ್ನು ಕೋಟಿನ ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದಳು.

ಆ ಮನೆಯ ಬಗ್ಗೆ ಯಾರಿಗೂ ತಕರಾರಿರಲಿಲ್ಲ, ನಂಬಿ. ಆದರೆ ಮಸೂದೆ ತಂದದ್ದು ಕಿಟಕಿ ಕಡೆಯವರು. ಅವರು ತಂದದ್ದಕ್ಕೆ ಗೋಡೆ ಕಡೆಯವರು ಹೂಂ ಅಂದರೆ ಅವರ ಊರಿನಲ್ಲಿ ಮುಖ ತೋರಿಸುವಂತಿರಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಹಾಗೆ. ಪ್ರೊಕಾಪ್ ಆಸ್ಪತ್ರೆಯಲ್ಲಿ, ಓಡೆಗಾರ್ಡ್ ಬಾಗಿಲ ಹೊರಗೆ, ಒಳಗೆ ನಲವತ್ತೊಂಬತ್ತಕ್ಕೆ ನಲವತ್ತೊಂಬತ್ತು. ಡಾಕ್ಟರು ಒಳಗಿದ್ದು ಒಂದು ಹೂಂ ಅಂದರೆ ಲೈಲ್‌ನ ಮೇಜು ಉಳಿಯುತ್ತಿತ್ತು.

ಮತದ ದಿನ ಬೆಳಿಗ್ಗೆ ಕಿಟಕಿ ಕಡೆಯ ನಾಯಕ ಟ್ರೆಂಟ್ ಹ್ಯಾವರ್ಲಿ ವರ್ನಾಳ ಮೇಜಿನ ಹತ್ತಿರ ಬಂದ. ಚೆನ್ನಾಗಿ ನಗುವ ಹುಡುಗ. ಅವನ ನಗು ಕಂಡರೆ ನನಗೆ ಆಗುವುದಿಲ್ಲ.

“ತಮ್ಮ ಹೇಗಿದಾನೆ ವರ್ನಾ?”

“ಇದಾನೆ ಸಾರ್.”

“ಬಸ್ಸು ಎಂಟಕ್ಕಲ್ವಾ?”

ವರ್ನಾಳ ಕೈ ಕೋಟಿನ ಜೇಬಿಗೆ ಹೋಯಿತು.

“ಡಾಕ್ಟ್ರನ್ನ ಮಾತಲ್ಲಿ ಹಿಡ್ಕೊಳ್ಳೋದು ನನ್ ಕೆಲ್ಸ. ಕೊನೇ ಹತ್ತು ಸೆಕೆಂಡು ನಿಂದು. ಗಂಟೆ ನಿಲ್ತೋ ಬಿಡ್ತೋ ಅಂತ ಯಾರ್ ನೋಡ್ತಾರೆ? ಆ ಗದ್ದಲದಲ್ಲಿ ಬೀಗದ ಸದ್ದು ಯಾರಿಗೂ ಕೇಳಲ್ಲ.”

“ನಾನು ಹಂಗೆಲ್ಲ ಮಾಡೋಳಲ್ಲ ಸಾರ್.”

“ನಾನೇನೂ ಮಾಡು ಅಂದಿಲ್ಲವಲ್ಲ,” ಅಂದು ನಕ್ಕು ಒಳಗೆ ಹೋದ.

ಮಧ್ಯಾಹ್ನ ಎರಡಕ್ಕೆ ಗಂಟೆ ಹೊಡೆಯಿತು. ಬಾಗಿಲಿನಲ್ಲಿ ಅಂಗೈಯಗಲದ ಒಂದು ಗಾಜು ಇದೆ. ಅದರಲ್ಲಿ ವರ್ನಾ ನೋಡುತ್ತಿದ್ದಳು. ಡಾಕ್ಟರು ಮುಂದಿನ ಸಾಲಿನಿಂದ ಎದ್ದರು. ಹ್ಯಾವರ್ಲಿ ಅವರ ತೋಳು ಹಿಡಿದು ಕಿವಿಯಲ್ಲಿ ಏನೋ ಹೇಳತೊಡಗಿದ. ಅವರು ಕೊಸರಿಕೊಂಡು ಹೊರಟರು. ಸಾಲುಗಳ ನಡುವೆ ಕುಂಟುತ್ತಾ ಬಂದರು. ಬಾಗಿಲಿಗೆ ಇನ್ನು ನಾಲ್ಕು ಹೆಜ್ಜೆ ಇತ್ತು. ಗಂಟೆ ಹೊಡೆಯುತ್ತಲೇ ಇತ್ತು. ವರ್ನಾಳ ಕಣ್ಣಿಗೆ ಕಂಡದ್ದು ಡಾಕ್ಟರಲ್ಲ, ಮೂಗಿನಲ್ಲಿ ನಳಿಕೆ ಇಟ್ಟ ತಮ್ಮ. ಕೈ ತಾನಾಗಿಯೇ ಕೀಲಿ ತಿರುಗಿಸಿತು.

ಡಾಕ್ಟರು ಹಿಡಿ ಒತ್ತಿದರು, ಬಾಗಿಲು ಕದಲಲಿಲ್ಲ. ಗಾಜಿನಲ್ಲಿ ಅವಳ ಮುಖ ನೋಡಿದರು. ಆಮೇಲೂ ಏಳೆಂಟು ಎಣಿಸುವಷ್ಟು ಹೊತ್ತು ಗಂಟೆ ಹೊಡೆದು ನಿಂತಿತು. ಅವರು ತಿರುಗಿ ತಮ್ಮ ಕುರ್ಚಿಗೆ ಹೋಗಿ ಕೂತರು.

ಐವತ್ತು, ನಲವತ್ತೊಂಬತ್ತು. ಕಾಯ್ದೆ ಆಯಿತು.

ಅರ್ಧ ಗಂಟೆಯ ಮೇಲೆ ವರ್ನಾ ನನ್ನ ಅಡುಗೆಮನೆಯೊಳಗೆ ಬಂದು ಆಲೂಗಡ್ಡೆ ಚೀಲದ ಮೇಲೆ ಕುಸಿದು ಕೂತಳು. ಎಲ್ಲ ಹೇಳಿದಳು. “ಜೈಲಿಗೆ ಹಾಕ್ತಾರೇನೇ ಗ್ಲೆನ್ನಾ?”

“ಯಾರ್ ನೋಡಿದಾರೆ ಮಾರಾಯ್ತಿ? ಸುಮ್ನಿರು.”

“ಮೆಟ್ಟಿಲ ಮೇಲೆ ಕ್ಯಾಮೆರಾ ಇದೆ ಕಣೇ.”

ಆ ಕ್ಯಾಮೆರಾದ ಚಿತ್ರ ಮೂವತ್ತು ದಿನ ಇಟ್ಟು ಅಳಿಸುತ್ತಾರೆಂದು ಅವಳು ಹೇಗೋ ತಿಳಿದುಕೊಂಡಳು. ಆ ಮೂವತ್ತು ದಿನ ಅವಳು ಬದುಕಿದ್ದು ಹೇಗೆಂದು ನನಗೆ ಗೊತ್ತು. ಬೆಳಿಗ್ಗೆ ಬಂದು ನನಗೆ ಒಂದು ಸಂಖ್ಯೆ ಹೇಳುತ್ತಿದ್ದಳು: ಇಪ್ಪತ್ತಾರು, ಇಪ್ಪತ್ತೈದು. ಪೊಲೀಸಿನವನು ಕಾಫಿಗೆ ಬಂದರೂ ಉಗ್ರಾಣ ಸೇರುತ್ತಿದ್ದಳು. ನನಗೂ ಹೆದರಿಕೆ ಅಂಟಿಕೊಂಡಿತು. ಲೋಟ ಬಿದ್ದರೂ ಬಾಗಿಲ ಕಡೆ ನೋಡುತ್ತಿದ್ದೆ.

ಅವಳನ್ನು ಯಾರೂ ಕೇಳಲಿಲ್ಲ. ಎಲ್ಲ ಹೊಡೆತ ಬಿದ್ದದ್ದು ಡಾಕ್ಟರ ಮೇಲೆ. ಪತ್ರಿಕೆಯವರು ಕೇಳಿದಾಗ ಅವರು ಒಂದೇ ಮಾತು ಹೇಳಿದರು: “ನನ್ನ ಕಾಲು ನಿಧಾನ ಆಯ್ತು.” ಯಾರು ನಂಬುತ್ತಾರೆ? ಅವರ ಟ್ರಕ್ಕಿನ ಮೇಲೆ ‘ಮಾತುಗೇಡಿ’ ಎಂದು ಬಣ್ಣದಲ್ಲಿ ಬರೆದರು. ಕಿಟಕಿ ಕಡೆಯವರು ಅವರನ್ನು ಹೊತ್ತು ಮೆರೆಸಿದರು. ಅವರಿಗೆ ಅದು ಬೈಗುಳಕ್ಕಿಂತ ಹೆಚ್ಚು ಸುಟ್ಟಿತು. ಪ್ರೊಕಾಪ್ ಆಸ್ಪತ್ರೆಯ ಟೀವಿಯಲ್ಲಿ ಮತ ನೋಡಿದ್ದರಂತೆ. ಚೇತರಿಸಿಕೊಂಡು ಬಂದ ದಿನ ನನ್ನ ಕ್ಯಾಂಟೀನಿನಲ್ಲಿ ಡಾಕ್ಟರು ಎದ್ದು ನಿಂತು ಕೈ ಚಾಚಿದರು. ಪ್ರೊಕಾಪ್ ಆ ಕೈ ನೋಡಿ, ನನ್ನ ಕಡೆ ತಿರುಗಿ, “ಒಂದು ಕೋಳಿ ಸೂಪು” ಅಂದರು. ಡಾಕ್ಟರ ಕೈ ಸ್ವಲ್ಪ ಹೊತ್ತು ಹಾಗೇ ಗಾಳಿಯಲ್ಲಿತ್ತು. ನನಗೆ ಅಳು ಬಂತು, ಈರುಳ್ಳಿ ಎತ್ತಿಕೊಂಡು ಒಳಗೆ ಹೋದೆ.

ಲೈಲ್ ಮಾತ್ರ ಚಮಚ ಜೋಡಿಸುತ್ತಿದ್ದ. ವರ್ನಾ ಭಾನುವಾರ ಹೋಗಿ ನೋಡುತ್ತಿದ್ದಳು. “ಅವ್ನ್ ನಗ್ತಾನೆ ಕಣೇ. ನಂಗೆ ಅವ್ನ ಮುಖ ನೋಡಕ್ಕಾಗಲ್ಲ,” ಅಂದಳೊಮ್ಮೆ.

ಮುಂದಿನ ಜನವರಿಗೆ ಗೋಡೆ ಕಡೆಯವರು ಸೇಡಿನ ಮಸೂದೆ ತಂದರು. ಮಾತು ಮುರಿದು ಮಾಡಿಸಿಕೊಂಡ ಕಾಯ್ದೆ ರದ್ದಾಗಬೇಕು, ಆಶ್ರಯಮನೆ ಮುಚ್ಚಬೇಕು. ಎಲ್ಲರೂ ಬಂದರೆ ಐವತ್ತಕ್ಕೆ ಐವತ್ತು, ಮಸೂದೆ ಬೀಳುತ್ತದೆ, ಮನೆ ಉಳಿಯುತ್ತದೆ. ಆದರೆ ಡಾಕ್ಟರಿಗೆ ಶ್ವಾಸಕೋಶದ ಕ್ಯಾನ್ಸರ್ ಆಗಿತ್ತು. ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ. ಅವರಿಗೆ ಜೋಡಿಯಾಗಲು ಗೋಡೆ ಕಡೆ ಒಬ್ಬನಾದರೂ ಬೇಕಿತ್ತು. ಐವತ್ತು ಜನರಲ್ಲಿ ಒಬ್ಬನೂ ಸಿಗಲಿಲ್ಲ. “ನಿಮ್ಮವರ ಮಾತಿನ ಬೆಲೆ ಹೋದ್ ವರ್ಷ ನೋಡಿದ್ವಲ್ಲ,” ಎಂದು ಒಬ್ಬ ನನ್ನ ಮುಂದೆಯೇ ಆಡಿಕೊಂಡು ನಕ್ಕ. ಅವನ ಸೂಪಿಗೆ ನಾನು ಬೇಕೆಂದೇ ಉಪ್ಪು ಸುರಿದೆ.

ಹಾಗಾಗಿ ಡಾಕ್ಟರೇ ಬಂದರು. ಆಂಬುಲೆನ್ಸಿನಲ್ಲಿ, ಗಾಲಿಕುರ್ಚಿಯ ಮೇಲೆ, ಮೂಗಿಗೆ ನಳಿಕೆ, ಮಡಿಲಲ್ಲಿ ಆಮ್ಲಜನಕದ ಸಿಲಿಂಡರು. ಆ ನಳಿಕೆ ನೋಡಿದ್ದೇ ವರ್ನಾ ಮೇಜು ಬಿಟ್ಟು ಅವರ ಹತ್ತಿರ ಬಂದಳು. ಗಂಟೆ ಹೊಡೆಯಲು ಇನ್ನೂ ಹೊತ್ತಿತ್ತು. ಮೊಗಸಾಲೆಯಲ್ಲಿ ಅವರಿಬ್ಬರೇ. ಅವಳು ಕುರ್ಚಿಯ ಪಕ್ಕ ಮಂಡಿಯೂರಿದಳು.

“ಡಾಕ್ಟ್ರೇ, ನಿಮ್ಗೊಂದು ವಿಷ್ಯ ಹೇಳ್ಬೇಕು. ಹೋದ್ ವರ್ಷ ನಿಮ್ ಕಾಲು ನಿಧಾನ ಆಗ್ಲಿಲ್ಲ.”

“ಗೊತ್ತು ಕಣಮ್ಮ. ನನ್ ಮೊಣಕಾಲು ಕೆಟ್ಟಿದೆ, ಕಿವಿ ಕೆಟ್ಟಿಲ್ಲ. ಗಂಟೆ ಇನ್ನೂ ಹೊಡೀತಿತ್ತು.”

ವರ್ನಾ ತಲೆಯೆತ್ತಿ ಅವರ ಮುಖ ನೋಡಿದಳು.

“ಗಾಜಲ್ಲಿ ನಿನ್ ಕಣ್ಣು ನೋಡ್ದೆ. ಕಸಾಯಿಖಾನೆ ಲಾರಿ ಬಂದಾಗ ದನಗಳು ನೋಡೋ ಹಂಗೆ ನೋಡ್ತಿದ್ದೆ. ಹೊರ್ಗೆ ಹೋಗಿ ಇದನ್ನ ಹೇಳಿದ್ರೆ ಮತ ರದ್ದಾಗೋದು. ನಿನ್ ತಮ್ಮ ಬಸ್ ಹತ್ತೋನು.”

“ನಿಮ್ ಮಾತು ನಾನು ಕೆಡಿಸ್ದೆ ಡಾಕ್ಟ್ರೇ.”

“ಬೀಗ ಹಾಕಿದ್ದು ನಿನ್ ಕೈ. ಹೂಂ ಅಂದಿದ್ದು ನನ್ ಬಾಯಿ. ಒಳಗೆ ಸಿಕ್ಕಿಬಿದ್ರೂ ಮಸೂದೆಗೆ ‘ಇಲ್ಲ’ ಅಂದು ಮಾತು ಉಳಿಸ್ಕೋಬಹುದಿತ್ತು. ನಾನು ಅನ್ಲಿಲ್ಲ.” ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡು ಮತ್ತೆ ಹೇಳಿದರು, “ನಾನ್ ಹೋದ್ಮೇಲೆ ವೆಂಡೆಲ್‌ಗೆ ಹೇಳು. ಮುಂಚೆ ಬೇಡ. ನಾನಿದ್ದಾಗ ಹೇಳಿದ್ರೆ ಕ್ಷಮಿಸ್ಬೇಕಾಗತ್ತೆ ಅಂತ ಅವ್ನಿಗೆ ಸಿಟ್ಟು ಬರತ್ತೆ.”

ಗಂಟೆ ಹೊಡೆಯಿತು. ವರ್ನಾ “ಹೇಳ್ತೀನಿ ಡಾಕ್ಟ್ರೇ” ಅಂದು ಕುರ್ಚಿ ತಳ್ಳಿ ಒಳಗೆ ಬಿಟ್ಟಳು. ಐವತ್ತಕ್ಕೆ ಐವತ್ತು. ಮಸೂದೆ ಬಿತ್ತು. ಒಂಬತ್ತನೆಯ ದಿನ ಡಾಕ್ಟರು ತೀರಿಕೊಂಡರು.

ಅವರ ಮಣ್ಣಿಗೆ ನಾವಿಬ್ಬರೂ ಹೋದೆವು. ಚರ್ಚಿನ ನೆಲಮಾಳಿಗೆಯಲ್ಲಿ ಹ್ಯಾಮ್ ಸ್ಯಾಂಡ್‌ವಿಚ್ ತಿನ್ನುವಾಗಲೂ ಎರಡು ಪಕ್ಷದವರು ಎರಡು ಮೇಜು ಹಿಡಿದಿದ್ದರು. ಪ್ರೊಕಾಪ್ ಬಂದಿರಲಿಲ್ಲ. ಅಲ್ಲೇ ನನ್ನ ಬೆನ್ನ ಹಿಂದೆ ಒಬ್ಬ ಪಿಸುಗುಟ್ಟಿದ್ದು ಕೇಳಿಸಿತು: “ಈಗ ಐವತ್ತಕ್ಕೆ ನಲವತ್ತೊಂಬತ್ತು.” ಮಣ್ಣು ಇನ್ನೂ ಆರಿರಲಿಲ್ಲ. ಡಾಕ್ಟರ ಜಾಗಕ್ಕೆ ಚುನಾವಣೆ ಜೂನ್‌ನಲ್ಲಿ. ಅಧಿವೇಶನ ಮುಗಿಯುವುದು ಏಪ್ರಿಲ್‌ನಲ್ಲಿ. ಗೋಡೆ ಕಡೆಯವರು ಬಿದ್ದುಹೋದ ಮಸೂದೆಯನ್ನೇ ಇನ್ನೊಂದರ ಬಾಲಕ್ಕೆ ಕಟ್ಟಿ, ಬರುವ ಗುರುವಾರಕ್ಕೆ ಮತ ಗೊತ್ತುಮಾಡಿದರು.

ಪ್ರೊಕಾಪ್‌ಗೆ ಸತ್ಯ ಹೇಳಿದರೆ ಏನಾಗುತ್ತದೆ? ಅವರು ಎದ್ದು ನಿಂತು ಒಂದು ಮಾತು ಆಡಿದರೆ ಸಾಕು, ಹಳೆಯ ಮತವೇ ಸುಳ್ಳಾಗುತ್ತದೆ, ವರ್ನಾಳ ಕೆಲಸ ಹೋಗುತ್ತದೆ, ಲೈಲ್‌ನ ಮನೆ ಅಂದೇ ಮುಚ್ಚುತ್ತದೆ. “ಹೇಳ್ಬೇಡ ಕಣೇ. ಗುರುವಾರ ಕಳೀಲಿ,” ಎಂದು ನಾನೇ ಕೈ ಹಿಡಿದುಕೊಂಡೆ. ನಾನು ಹೇಡಿ, ಒಪ್ಪಿಕೊಳ್ಳುತ್ತೇನೆ.

“ಡಾಕ್ಟ್ರಿಗೆ ಮಾತು ಕೊಟ್ಟಿದೀನಿ ಗ್ಲೆನ್ನಾ. ಇನ್ನೊಂದ್ ಸಲ ಮುರಿಯೋ ಶಕ್ತಿ ನಂಗಿಲ್ಲ.”

ಬುಧವಾರ ಸಂಜೆ ನನ್ನ ಅಂಗಡಿ ಮುಚ್ಚುವ ಹೊತ್ತಿಗೆ ಪ್ರೊಕಾಪ್ ಒಬ್ಬರೇ ಮೂಲೆಯಲ್ಲಿ ಕೂತಿದ್ದರು. ವರ್ನಾ ಹೋಗಿ ಎದುರು ನಿಂತಳು. ಕೂರು ಅಂದರೂ ಕೂರಲಿಲ್ಲ. ಎಲ್ಲ ಹೇಳಿದಳು. ಲೈಲ್, ಬಸ್ಸು, ಹ್ಯಾವರ್ಲಿ, ಕೀಲಿಕೈ, ಗಾಜಿನಲ್ಲಿ ಕಂಡ ಮುಖ. ಕೊನೆಗೆ ಜೇಬಿನಿಂದ ಆ ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು. ಅದನ್ನು ಹರಿಯುವ ಧೈರ್ಯ ಅವಳಿಗೆ ಬಂದಿರಲಿಲ್ಲ.

ಪ್ರೊಕಾಪ್ ಕಾರ್ಡನ್ನು ಎತ್ತಿಕೊಂಡು ನೋಡಿದರು. “ಒಂದು ವರ್ಷ,” ಅಂದರು. “ಒಂದು ವರ್ಷ ನಾನು ಅವ್ನ ಜೊತೆ ಮಾತಾಡ್ಲಿಲ್ಲ. ಸಾಯೋವಾಗ್ಲೂ ಹೋಗ್ಲಿಲ್ಲ. ಗೊತ್ತಾ ನಿಂಗೆ?”

“ಗೊತ್ತು ಸಾರ್.”

“ನಾಳೆ ಬೆಳಿಗ್ಗೆನೇ ನಿನ್ನ ಇಲ್ಲಿಂದ ಆಚೆ ಹಾಕ್ಸೋದು ನಂಗೆ ದೊಡ್ಡದಲ್ಲ.”

“ಗೊತ್ತು ಸಾರ್.”

ಅವರು ಎದ್ದು ಕೋಟು ಹಾಕಿಕೊಂಡು ಹೋದರು. ಕಾರ್ಡನ್ನೂ ತೆಗೆದುಕೊಂಡು ಹೋದರು.

ಗುರುವಾರ ನಾನು ಅಂಗಡಿಗೆ ಬೀಗ ಜಡಿದು ಮೇಲೆ ಹೋದೆ. ಜನ ಕೂತು ನೋಡುವ ಮಾಳಿಗೆಯಲ್ಲಿ ಮುಂದಿನ ಸಾಲಿನಲ್ಲೇ ಕೂತೆ. ಕೆಳಗೆ ಗೋಡೆ ಕಡೆ ಐವತ್ತು ತಲೆ, ಕಿಟಕಿ ಕಡೆ ನಲವತ್ತೊಂಬತ್ತು. ಡಾಕ್ಟರ ಕುರ್ಚಿಯ ಮೇಲೆ ಕಪ್ಪು ಬಟ್ಟೆ. ಬೆಳಿಗ್ಗೆಯಿಂದ ಪ್ರೊಕಾಪ್ ಬಾಯಿಬಿಟ್ಟಿರಲಿಲ್ಲ. ಯಾವ ಗಳಿಗೆಯಲ್ಲಿ ಎದ್ದು ವರ್ನಾಳ ಹೆಸರು ಹೇಳುತ್ತಾರೋ ಎಂದು ನಾನು ಅವರನ್ನೇ ನೋಡುತ್ತಿದ್ದೆ.

ಗಂಟೆ ಹೊಡೆಯಿತು. ಬಾಗಿಲು ತೆರೆದೇ ಇತ್ತು. ವರ್ನಾ ಅದನ್ನು ಎರಡೂ ಕೈಯಿಂದ ಹಿಡಿದು ನಿಂತಿದ್ದಳು. ಒಂದು ನಿಮಿಷ ಹೋಯಿತು. ಪ್ರೊಕಾಪ್ ಕೂತೇ ಇದ್ದರು. ಕಾಗದ ಜೋಡಿಸಿದರು. ಕನ್ನಡಕ ಒರೆಸಿದರು. ಏಳಿ, ಹೊರಗೆ ಹೋಗಿ ಎಂದು ನಾನು ಯಾರನ್ನು ಬೇಡಿಕೊಂಡೆನೋ ನನಗೇ ತಿಳಿಯದು. ಇನ್ನು ಅರ್ಧ ನಿಮಿಷವೂ ಇರಲಿಕ್ಕಿಲ್ಲ, ಅವರು ಎದ್ದರು. ಪಕ್ಕದವನು ತೋಳು ಹಿಡಿದ. “ಎಲ್ಲಿಗ್ರೀ?” ಅನ್ನುವುದು ಮೇಲಿನವರೆಗೂ ಕೇಳಿಸಿತು.

“ನಾನು ಜೋಡಿ,” ಅಂದರು ಪ್ರೊಕಾಪ್.

“ಯಾರ್ ಜೊತೆ?”

ಅವರು ಕಪ್ಪು ಬಟ್ಟೆ ಹೊದಿಸಿದ ಕುರ್ಚಿಯ ಕಡೆ ಕೈ ತೋರಿಸಿದರು.

“ತಲೆ ಕೆಟ್ಟಿದ್ಯಾ? ಅವ್ರು ಸತ್ತಿದಾರೆ!”

“ಒಳಗೆ ಬರಲಾರದಷ್ಟು ದಿನ ಅಂತ ಬರ್ದಿದೀವಿ. ತಾರೀಖು ಹಾಕಿಲ್ಲ,” ಅಂದು ತೋಳು ಬಿಡಿಸಿಕೊಂಡರು.

ಗೋಡೆ ಕಡೆಯವರೆಲ್ಲ ಎದ್ದು ಕೂಗತೊಡಗಿದರು. ಯಾರೋ ಪುಸ್ತಕ ಎಸೆದರು. ಎದೆ ಕೊಯ್ಸಿಕೊಂಡ ಮನುಷ್ಯ, ಮೆಲ್ಲಗೆ ನಡೆಯುತ್ತಿದ್ದರು. ಇನ್ನು ಹತ್ತು ಹೆಜ್ಜೆ, ಎಂಟು, ಆರು. ಗೋಡೆ ಕಡೆಯ ಇಬ್ಬರು ಬಾಗಿಲಿಗೆ ಅಡ್ಡ ಬರಲು ಓಡಿದರು. ವರ್ನಾ ಬಾಗಿಲಿನಿಂದ ಒಂದು ಕೈ ತೆಗೆದು ಒಳಗೆ ಚಾಚಿದಳು. ಪ್ರೊಕಾಪ್ ಆ ಕೈ ಹಿಡಿದುಕೊಂಡು ಹೊಸ್ತಿಲು ದಾಟಿದರು.

ಗಂಟೆ ಇನ್ನೂ ಹೊಡೆಯುತ್ತಿತ್ತು. ವರ್ನಾ ಬಾಗಿಲು ಎಳೆದುಕೊಂಡು ಕೀಲಿ ತೂರಿಸಿ ಕಾದಳು. ಒಳಗಿನಿಂದ ಅಡ್ಡ ಓಡಿಬಂದ ಆ ಇಬ್ಬರೂ ಬಾಗಿಲು ಗುದ್ದುತ್ತಿದ್ದರೂ, ಗಂಟೆ ಪೂರ್ತಿ ನಿಂತ ಮೇಲೆಯೇ ತಿರುಗಿಸಿದಳಂತೆ. ನಲವತ್ತೊಂಬತ್ತಕ್ಕೆ ನಲವತ್ತೊಂಬತ್ತು.

ಮೊಗಸಾಲೆಯಲ್ಲಿ ಪ್ರೊಕಾಪ್ ಬೆಂಚಿನ ಮೇಲೆ ಕೂತು ಕಾರ್ಡು ಹಿಡಿದುಕೊಂಡು ಅಳುತ್ತಿದ್ದರು. ನಾನು ಇಳಿದು ಬಂದಾಗ ವರ್ನಾ ಅವರ ಪಕ್ಕದಲ್ಲಿ ನಿಂತಿದ್ದಳು. ಅವರು ತಲೆಯೆತ್ತಿ, “ನಿನ್ನ ನಾನು ಕ್ಷಮಿಸಿಲ್ಲ,” ಅಂದು ಕಾರ್ಡನ್ನು ಅವಳತ್ತ ಚಾಚಿದರು. “ಇದನ್ನ ಡ್ರಾಯರಲ್ಲೇ ಇಡು.”